ಸಂಸೆಯ ಮಾವನೂ ಮರಳುಗಾಡಿನ ಸನ್ಯಾಸಿಗಳೂ

ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನ ಕಡೆ ಎದ್ದ ಜಗಳವೊಂದಕ್ಕೆ ಸಂಸೆಯ ಕಾಫಿ ತೋಟದಲ್ಲೇ ತೀರ್ಪಾಗಬೇಕೆಂದು ಹಟ ಹಿಡಿದವರು ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ! ಜಗಳ ಇಷ್ಟೇ: ಆತ್ಮ ಉದ್ಧಾರವಾಗಬೇಕಾದರೆ ದೇಹವನ್ನು ದಂಡಿಸಬೇಕೋ, ಸಾಕಬೇಕೋ? ಜಗಳವಾಡಿದವರು ಆದಿಕಾಲದ ಕ್ರೈಸ್ತ ಗುರುಗಳು. ಮಾವನೋ, ಹಣೆಗೆ ವಿಭೂತಿ ಹಚ್ಚದೆ ಕಾಫಿಯನ್ನೂ ಮುಟ್ಟದವರು. ಅವರಿಗೇಕೆ ಈ ಉಸಾಬರಿ ಎನ್ನುತ್ತೀರಾ?

ಅದಕ್ಕೆ ಕಾರಣ ಒಂದು ಜೀಪು. ಕುದುರೆಮುಖದ ಗಣಿ ಇನ್ನೂ ಜೋರಾಗಿ ನಡೆಯುತ್ತಿದ್ದ ತೊಂಬತ್ತರ ದಶಕ. ಅಲ್ಲಿನ ಚರ್ಚಿನ ಫಾದರ್ ಬರುತ್ತಿದ್ದ ಜೀಪು ಮಾವನ ಗೇಟಿನೆದುರೇ ಕೆಸರಿನಲ್ಲಿ ಹೂತುಹೋಯಿತು. ಆಳುಗಳು ಅದನ್ನು ಎತ್ತುವಷ್ಟರಲ್ಲಿ ಮಾವ ಫಾದರಿಗೆ ಅಕ್ಕಿರೊಟ್ಟಿ ತಿನ್ನಿಸಿ, ಅವರ ಧರ್ಮದ ಬುಡದಿಂದ ಪ್ರಶ್ನೆ ಕೇಳಲು ಶುರುಮಾಡಿದ್ದರು. ಆಮೇಲೆ ಜೀಪು ಹೂತುಹೋಗದಿದ್ದರೂ ಫಾದರ್ ಅಲ್ಲಿ ನಿಲ್ಲತೊಡಗಿದರು. ನಾನು ಆಗ ಮೂಡಿಗೆರೆಯಲ್ಲಿ ಮೇಷ್ಟ್ರು. ರಜೆ ಬಂತೆಂದರೆ ಸಂಸೆಯಲ್ಲೇ ಠಿಕಾಣಿ ಹೂಡುತ್ತಿದ್ದೆ.

ಅತ್ತೆಯ ಚಿಂತೆ ಬೇರೆ. ಮಾವನಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಗಾಯವಾದರೆ ಕಾಲೇ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಅಂದಿನಿಂದ ಅತ್ತೆ ಆ ಎರಡು ಕಾಲುಗಳನ್ನು ಒಲೆಯ ಮೇಲಿಟ್ಟ ಹಾಲಿನಂತೆ ಕಾಯುತ್ತಿದ್ದರು. ನಮ್ಮ ಕಡೆ ಜಿಗಣೆಗೆ ಇಂಬಳ ಎನ್ನುತ್ತೇವೆ. ಮಳೆಗಾಲದಲ್ಲಿ ಮಾವ ತೋಟಕ್ಕೆ ಹೊರಟರೆ ಇಂಬಳ ಹತ್ತದಂತೆ ಅತ್ತೆ ಸುಣ್ಣ, ಹೊಗೆಸೊಪ್ಪು ಕಲಸಿ ಅವರ ಮೊಣಕಾಲವರೆಗೆ ತಾವೇ ಬಳಿದು ಕಳಿಸುತ್ತಿದ್ದರು.

ಮರಳುಗಾಡಿನ ಸನ್ಯಾಸಿಗಳು ದಿನಕ್ಕೊಂದೇ ಹೊತ್ತು ಒಣ ರೊಟ್ಟಿ ತಿನ್ನುತ್ತಿದ್ದರೆಂದು ಫಾದರ್ ಹೇಳಿದರು. ಮರುದಿನವೇ ಮಾವನ ಉಪವಾಸ! ಮಧ್ಯಾಹ್ನ ಕೈಕಾಲು ನಡುಗಿ, ಡಬ್ಬಿಯಲ್ಲಿದ್ದ ಬೆಲ್ಲವನ್ನೆಲ್ಲ ಬಾಯಿಗೆ ಹಾಕಿಕೊಂಡರು. "ಎಂಥದ್ರೀ ಇದು?" ಎಂದು ಅತ್ತೆ ಕೇಳಿದರೆ, "ಆತ್ಮ ಕೇಳ್ತು ಮಾರಾಯ್ತಿ" ಎಂದರು.

ಇನ್ನೊಮ್ಮೆ ಫಾದರ್ ಬಾಯಿತಪ್ಪಿ ಮತ್ತೊಂದು ಕಥೆ ಹೇಳಿಬಿಟ್ಟರು. ಒಬ್ಬ ಸನ್ಯಾಸಿ ಸಿಟ್ಟಿನಲ್ಲಿ ಸೊಳ್ಳೆಯೊಂದನ್ನು ಹೊಡೆದು ಕೊಂದನಂತೆ. ಆ ಪಾಪಕ್ಕೆ ಜೌಗುನೆಲದಲ್ಲಿ ತಿಂಗಳುಗಟ್ಟಲೆ ಬರಿಮೈಯಲ್ಲಿ ಕೂತು ಸೊಳ್ಳೆಗಳಿಗೆ ರಕ್ತ ಕೊಟ್ಟನಂತೆ. ಮಾವ ತಮ್ಮ ಆಯುಷ್ಯದಲ್ಲಿ ಕೊಂದ ಇಂಬಳಗಳನ್ನು ನೆನೆದು ಬೆವರಿದರು. ಮರುದಿನ ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಓಡಿಬಂದ.

"ಅಮ್ಮಾ, ಅಯ್ಯಾವ್ರು ಸುಣ್ಣ ತೊಳ್ಕೊಂಡು ಹಳ್ಳದ ದಂಡೇಲಿ ಕಾಲು ಚಾಚಿ ಕೂತಿದಾರೆ. ಇಂಬಳ ಕೀಳಕ್ಕೆ ಹೋದ್ರೆ ಬೈತಾರೆ!"

ಅತ್ತೆ ಉಪ್ಪಿನ ಡಬ್ಬಿ ಹಿಡಿದು ಓಡಿದರು. ಹಿಂದೆ ನಾನು.

"ದೇಹ ಅಂದ್ರೆ ಬಾಡಿಗೆ ಮನೆ ಕಣೇ" ಎಂದರು ಮಾವ ಶಾಂತವಾಗಿ.

"ಬಾಡಿಗೆ ಮನೆಗೂ ವರ್ಷಕ್ಕೊಂದ್ಸಲ ಸುಣ್ಣ ಹೊಡೀತಾರೆ, ಏಳ್ರೀ ಮೇಲೆ!"

ಕಾಲ್ಬೆರಳ ಸಂದಿಯಲ್ಲಿ ಕಚ್ಚಿದ ಜಾಗ ತುರಿಸಿತು. ತುರಿಸಿದ್ದು ಹುಣ್ಣಾಯಿತು. ಸುದ್ದಿ ಕೇಳಿ ಬಂದ ಫಾದರ್ ಹಣೆ ಚಚ್ಚಿಕೊಂಡರು. "ಎಂತ ಮಾರಾಯ್ರೆ! ನಾನು ಕತೆ ಹೇಳಿದ್ದು. ಮಾಡಿ ಅಂತ ಹೇಳಿದ್ದಾ?" ಎಂದು, ಆ ಕಾಲದಲ್ಲೇ ಬೇರೆ ಥರ ಹೇಳಿದ ಗುರುಗಳೂ ಇದ್ದರೆಂದು ವಿವರಿಸಿದರು. ಹೇಗೆ ಉಣ್ಣಬೇಕು, ಹೇಗೆ ಮೀಯಬೇಕು, ಎಷ್ಟು ನಗಬೇಕು ಎಂಬುದನ್ನೆಲ್ಲ ಕಲಿಸಿದ ಪಂಡಿತನೊಬ್ಬ. ಊರಾಚೆ ಆಸ್ಪತ್ರೆ ಕಟ್ಟಿಸಿ, ಕುಷ್ಠರೋಗಿಗಳ ಆರೈಕೆಗೆ ತಾನೇ ನಿಂತ ಬಿಷಪ್ಪನೊಬ್ಬ.

"ದೇವರು ಒಬ್ಬನೇ ಅಂತೀರಿ. ಹಾಗಾದ್ರೆ ಮಾತು ಎರಡು ಹ್ಯಾಗೆ ಫಾದರ್?"

"ಅವರಿಗೇ ಬಗೆಹರಿಲಿಲ್ಲ. ನನ್ನನ್ನು ಕೇಳಿದ್ರೆ?"

ಮಾವ ಆ ಕ್ಷಣವೇ ಪಕ್ಷ ಬದಲಿಸಿದರು. ಅಳೆದು ತೂಗಿ ಊಟ. ನಗು ಬಂದರೆ ತುಟಿ ಬಿಗಿದು ಮಂದಹಾಸ. ಕಳಸದ ಬಸ್ಸಿನಲ್ಲಿ ಯಾರದೋ ತಮಾಷೆಗೆ ಹಾಗೆ ನಕ್ಕು, "ಹೊಟ್ಟೆನೋವಾ ಗೌಡ್ರೇ?" ಎಂದು ಕೇಳಿಸಿಕೊಂಡರು. ಎರಡು ಹೊತ್ತು ಬಿಸಿನೀರ ಸ್ನಾನ ಬೇರೆ. ನೀರು ಕಾಯಿಸುವವರು ಯಾರು? ಹುಣ್ಣು ತೊಳೆದು ಬಟ್ಟೆ ಕಟ್ಟುವವರು ಯಾರು? ಈ ಪ್ರಶ್ನೆ ಮಾತ್ರ ಮಾವನಿಗೆ ಹೊಳೆಯಲೇ ಇಲ್ಲ!

ಹುಣ್ಣಿಗೆ ಪಕ್ಷಾಂತರ ತಿಳಿಯಲಿಲ್ಲ. ಕಾಲಿನ ಕಿರುಬೆರಳು ಕಪ್ಪಗಾಯಿತು. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಬೆರಳನ್ನು ಇವತ್ತೇ ತೆಗೆಯಬೇಕು, ತಡಮಾಡಿದರೆ ಪಾದವೇ ಹೋಗುತ್ತದೆ ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ಫಾದರೂ ಬಂದರು.

"ಫಾದರ್, ಸತ್ತವರು ಕಡೇ ದಿನ ದೇಹದ ಸಮೇತ ಎದ್ದು ಬರ್ತಾರೆ ಅಂದಿದ್ರಲ್ಲ. ಆಗ ಈ ಬೆರಳೂ ಸಿಗುತ್ತಾ?"

"ಸಿಗ್ತದೆ ಅಂತ ಹೇಳಿದವರಿದ್ದಾರೆ."

"ಇಲ್ಲ ಅಂದವರೂ ಇರ್ಬೇಕಲ್ಲ?"

ದೇಹವನ್ನು ಬಾಡಿಗೆ ಮನೆ ಎಂದಿದ್ದ ಮಾವ ಒಂದು ಕಿರುಬೆರಳಿಗಾಗಿ ಮಗುವಿನಂತೆ ಅಳತೊಡಗಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಅತ್ತೆ ಹತ್ತಿರ ಹೋಗಿ ಪಾದದ ಮೇಲೆ ಕೈಯಿಟ್ಟರು. "ಆತ್ಮ ನಿಮ್ಮದು. ಅದನ್ನ ನೀವೂ ಫಾದರೂ ಏನಾದ್ರೂ ಮಾಡ್ಕೊಳ್ಳಿ. ಕಾಲು ನಂದು. ಮದುವೆಯಾದಾಗಿಂದ ಸಾಕಿದ್ದು ನಾನು. ಬೆರಳು ಹೋದ್ರೆ ಹೋಗ್ಲಿ, ನೀವು ಅಳಬೇಡಿ."

ಮಾವ ಕಣ್ಣೊರೆಸಿಕೊಂಡರು. "ಹೌದಲ್ಲ ಮಾರಾಯ್ತಿ. ನಿನ್ನನ್ನ ಒಂದು ಮಾತೂ ಕೇಳದೆ ಇಂಬಳಕ್ಕೆ ಕೊಟ್ಬಿಟ್ಟೆ."

ಬೆರಳು ಹೋಯಿತು, ಪಾದ ಉಳಿಯಿತು. ಸಂಜೆ ಮಾವನಿಗೆ ಎಚ್ಚರವಾದಾಗ ಫಾದರ್ ಮಂಚದ ಪಕ್ಕದಲ್ಲೇ ಇದ್ದರು. ಇನ್ನೇನು ಈಜಿಪ್ಟಿನ ಪ್ರಶ್ನೆಯೊಂದು ಬರುತ್ತದೆಂದು ಫಾದರೂ ನಾನೂ ಸಿದ್ಧರಾದೆವು. ಮಾವ ನಮ್ಮತ್ತ ನೋಡಲೂ ಇಲ್ಲ. ತಡಕಾಡಿ ಅತ್ತೆಯ ಕೈ ಹಿಡಿದು, ಅಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಒಮ್ಮೆಯೂ ಕೇಳಿರದ ಪ್ರಶ್ನೆಯೊಂದನ್ನು ಕೇಳಿದರು.

"ನಿಂದು ಊಟ ಆಯ್ತೇನೇ?"