ಅಂಜನದಲ್ಲಿ ಕಂಡ ಉದ್ಧರಣೆ

ನಾನು ಕಾಲು ಮುಂದಾಗಿ ಹುಟ್ಟಿದವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದರೆ ನಮ್ಮ ಅಮ್ಮನ ಲೆಕ್ಕದಲ್ಲಿ ಇದು ನಾನು ಮುಂದೆ ಪಾಸು ಮಾಡಿದ ಎಲ್ಲ ಪರೀಕ್ಷೆಗಳಿಗಿಂತ ದೊಡ್ಡ ಸಾಧನೆ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಅವರ ಕೈ ಸೇರುವ ಮೊದಲೇ ಈ ಸಂಗತಿ ಅವರ ಕಿವಿ ಸೇರಿರುತ್ತಿತ್ತು. ಹಾಗೆ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಂಟಷ್ಟೆ. ಯಲಹಂಕದ ಹಳೇ ಪೇಟೆಯಲ್ಲಿ ನಾನು ಬಾಡಿಗೆ ಮನೆ ಹಿಡಿದ ಒಂದೇ ತಿಂಗಳಲ್ಲಿ, ನನ್ನನ್ನು ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಎಂದು ಗುರುತಿಸುವವರಿಗಿಂತ ಉಳುಕಿಗೆ ಒದೆಯುವ ಮೇಷ್ಟ್ರು ಎಂದು ಗುರುತಿಸುವವರೇ ಹೆಚ್ಚಾದರು. ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಜಗಲಿಯ ಮುಂದೆ ಇಬ್ಬರು ಮೂವರು ಬೆನ್ನು ತಿರುಗಿಸಿಕೊಂಡು ಕಾದಿರುತ್ತಿದ್ದರು. ನಿವೃತ್ತ ಅಮಲ್ದಾರರೊಬ್ಬರು ಪೇಟ ಸುತ್ತಿಕೊಂಡೇ ಬಂದು, "ಮೂರು ಸಲ, ಮೇಷ್ಟ್ರೇ. ಸ್ವಲ್ಪ ಎಡಕ್ಕೆ" ಎಂದು ಅಪ್ಪಣೆ ಕೊಟ್ಟು ಒದೆಸಿಕೊಂಡು ಹೋದರು. ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ಅಮಲ್ದಾರರನ್ನು ಒದೆಯುವ ಅವಕಾಶ ಒಬ್ಬ ಸ್ಕೂಲ್ ಮೇಷ್ಟ್ರಿಗೆ ಮತ್ತೆಲ್ಲಿ ಸಿಗಬೇಕು ಎಂದುಕೊಂಡು ಸುಮ್ಮನಿದ್ದೆ.

ಹೀಗೆ ನನ್ನ ಕಾಲಿನ ಪಾಡಿಗೆ ಕಾಲು, ವಿಜ್ಞಾನದ ಪಾಡಿಗೆ ವಿಜ್ಞಾನ ನಡೆದುಕೊಂಡು ಹೋಗುತ್ತಿದ್ದಾಗ, ಒಂದು ಬೇಸಿಗೆ ರಜೆಯಲ್ಲಿ ನಮ್ಮ ಮಾವನವರ ಕಾರ್ಡು ಬಂತು. ಮುಂದಿನ ಸೋಮವಾರ ಬಂದು ಎರಡು ದಿನ ಇರುತ್ತಾರಂತೆ. ಮಾವನವರು ತ್ರಿಕಾಲ ಸಂಧ್ಯಾವಂದನೆಯವರು. ಮದುವೆಯಲ್ಲಿ ನನಗೊಂದು ಬೆಳ್ಳಿಯ ಪಂಚಪಾತ್ರೆಯನ್ನೂ, ಅದರಿಂದ ಆಚಮನಕ್ಕೆ ನೀರೆತ್ತಲು ಉದ್ದ ಹಿಡಿಯ ಬೆಳ್ಳಿ ಉದ್ಧರಣೆಯನ್ನೂ ಕೊಟ್ಟು, "ಅಳಿಯಂದಿರು ನಿತ್ಯ ಬಳಸಬೇಕು" ಎಂದು ಹೇಳಿದ್ದರು. ಅವರು ಎದುರಿಗಿದ್ದ ನಾಲ್ಕು ದಿನ ನಾನು ನಿತ್ಯ ಬಳಸಿದೆ. ಆಮೇಲೆ ಎರಡೂ ದೇವರ ಗೂಡು ಸೇರಿ ವಿಶ್ರಾಂತಿ ಪಡೆದವು. ಈಗ ನನ್ನ ಹೆಂಡತಿ ಸರೋಜ ತಂದೆ ಬರುತ್ತಾರೆಂದು ಅವನ್ನು ಬೆಳಗಲು ಹೋದರೆ ಪಂಚಪಾತ್ರೆ ಇದೆ, ಉದ್ಧರಣೆ ಇಲ್ಲ. ಅಕ್ಕಿ ಡಬ್ಬ, ಹಾಸಿಗೆ ಸುರುಳಿ, ಬಚ್ಚಲ ಹಂಡೆಯ ಸಂದು, ಎಲ್ಲ ಹುಡುಕಿದ್ದಾಯಿತು.

"ರೀ, ನೀವೇನಾದ್ರೂ ತೊಗೊಂಡಿದ್ರಾ?" ಎಂದಳು.

"ಸಂಧ್ಯಾವಂದನೆ ಮಾಡದವನಿಗೆ ಅದು ಯಾಕೆ ಬೇಕು?" ಎಂದೆ. ಹೇಳಿದ್ದು ಸುಳ್ಳಲ್ಲ, ಮನಸ್ಸಿನಲ್ಲಿದ್ದದ್ದೂ ಅಷ್ಟೇ. ಆದರೆ ನನ್ನ ಮನಸ್ಸಿನ ಯೋಗ್ಯತೆ ಎಂಥದ್ದು ಎಂಬುದನ್ನು ಓದುಗರು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಊರಿನಿಂದ ಬರುತ್ತಿದ್ದ ಅಮ್ಮನನ್ನು ಕರೆತರಲು ಯಶವಂತಪುರದ ಸ್ಟೇಷನ್ನಿಗೆ ಹೋಗಿ, ಅಮ್ಮನ ಟ್ರಂಕನ್ನು ಮಾತ್ರ ಬಸ್ಸಿಗೆ ಹಾಕಿಕೊಂಡು ಬಂದವನು ನಾನು. ಶಾಲೆಯ ಬೀರುವಿನ ಬೀಗದ ಕೈಯನ್ನು ಎಲ್ಲೆಂದರಲ್ಲಿ ಮರೆಯುತ್ತೇನೆಂದು ಜನಿವಾರಕ್ಕೇ ಕಟ್ಟಿಕೊಂಡಿದ್ದೆ. ಆ ಕಾಲದಲ್ಲಿ ನನ್ನ ಜನಿವಾರ ಮಾಡುತ್ತಿದ್ದ ಕೆಲಸವೂ ಅದೊಂದೇ.

ಕಳವೆಂದ ಮೇಲೆ ಕಳ್ಳರು ಬೇಕು. ಅಮ್ಮ ಬೆರಳು ಮಡಿಸಿ ಎಣಿಸಿದಳು: ಹಿತ್ತಿಲ ಬಾಗಿಲಿನವರೆಗೂ ಬರುವವಳು ಹಾಲಿನ ಮುನಿಯಮ್ಮ ಒಬ್ಬಳೇ. ಆಕೆ ಪಕ್ಕದ ಸಿಂಗಾಪುರವೆಂಬ ಹಳ್ಳಿಯಿಂದ ಹಾಲಿನ ಬಿಂದಿಗೆ ಹೊತ್ತು ನಡೆದು ಬರುತ್ತಿದ್ದಳು. ಹೋಗುವಾಗ ತನ್ನ ಎಮ್ಮೆಗೆಂದು ನಮ್ಮ ಹಿತ್ತಿಲಲ್ಲಿ ಕಲಗಚ್ಚು ತುಂಬಿಕೊಳ್ಳುತ್ತಿದ್ದಳು. ಅಮ್ಮ ಅವಳನ್ನು ಕಳ್ಳಿ ಎನ್ನಲಿಲ್ಲ. "ಮುನಿಯಮ್ಮ, ಕಲಗಚ್ಚಿನ ಜೊತೆ ಏನಾದ್ರೂ ಬಂತೇನೇ, ನೋಡು" ಎಂದಳು ಅಷ್ಟೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಅದನ್ನು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮೂರು ಮನೆಯವರು "ಇವತ್ತು ಹಾಲು ಬೇಡಮ್ಮ" ಎಂದು ಕದ ಹಾಕಿಕೊಂಡರು.

ಮುನಿಯಮ್ಮ ಬಿಂದಿಗೆ ಇಳಿಸಿ ನಮ್ಮ ಜಗಲಿಯ ಕೆಳಗೆ ನಿಂತಳು. "ಅನ್ನೆರಡು ವರ್ಸದಿಂದ ಈ ಬೀದಿಗೆ ಆಲು ಆಕ್ತಿವ್ನಿ ಅಮ್ಮಾರೆ. ಆಲಿಗೆ ನೀರು ಆಕಿದೀಯ ಅನ್ನಿ, ಒಪ್ಕೊಂತೀನಿ. ಕಳ್ಳಿ ಅನ್ಬ್ಯಾಡಿ. ನಾನೇ ಅಂಜನ ಆಕಿಸ್ತೀನಿ, ನನ್ ಖರ್ಚಲ್ಲೇ. ಯಾರು ಅಂತ ಆ ಆಂಜನೇಯನೇ ಏಳ್ಲಿ."

ಅಂಜನವೆಂದರೆ, ಹರಳೆಣ್ಣೆ ದೀಪದ ಮಸಿಗೆ ಅದೇನೇನೋ ಬೇರು ತೇದು ಕಲಸಿ, ವೀಳ್ಯದೆಲೆಗೆ ಬಳಿದು, ಅದರಲ್ಲಿ ಕಳೆದ ವಸ್ತುವನ್ನು ನೋಡುವ ವಿದ್ಯೆ. ಈ ವಿದ್ಯೆಯಲ್ಲಿ ರಾಜಾನುಕುಂಟೆಯ ಗಂಗಪ್ಪ ಸ್ವಾಮಿಯವರದ್ದು ದೊಡ್ಡ ಹೆಸರು. ಅವರ ದಕ್ಷಿಣೆ ಒಂದು ತೆಂಗಿನಕಾಯಿ, ಕವಳೆ ವೀಳ್ಯದೆಲೆ, ಒಂದು ಮೊಟ್ಟೆಯಿಡುವ ಹೇಟೆ. ಮುನಿಯಮ್ಮನಿಗೆ ಇದ್ದದ್ದೇ ಎರಡು ಕೋಳಿ. ನಾನು ಎಷ್ಟು ಬೇಡವೆಂದರೂ ಕೇಳದೆ ಅವಳು ಒಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಸ್ವಾಮಿಗಳನ್ನೂ ಕರೆದುಕೊಂಡು ಶನಿವಾರ ಬೆಳಿಗ್ಗೆ ಬಂದೇ ಬಿಟ್ಟಳು. ಕೋಳಿಯ ಬುಟ್ಟಿಯನ್ನು ಬೀದಿಯಲ್ಲೇ ಇಡಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ಸ್ವಾಮಿಗಳು ಒಳಗೆ ಬಂದು, ಎರಡು ಲೋಟ ಮಜ್ಜಿಗೆ ಕುಡಿಯುತ್ತ, ಮನೆಯಲ್ಲಿ ಎಷ್ಟು ಜನ, ಕಳೆದದ್ದೇನು, ಯಾವ ಗೂಡಿನಲ್ಲಿತ್ತು ಎಂದೆಲ್ಲ ಅಮ್ಮನಿಂದ ತಿಳಿದುಕೊಂಡರು. ಆಮೇಲೆ ಕಣ್ಣು ಮುಚ್ಚಿ, "ಬೆಳ್ಳಿ ಪದಾರ್ಥ... ಉದ್ದುಕೈತೆ... ದೇವ್ರ ಗೂಡಲ್ಲಿತ್ತು" ಎಂದರು. ಅಮ್ಮ ಬೆರಗಾಗಿ ನನ್ನ ಕಡೆ ನೋಡಿದಳು. "ಅಮ್ಮ, ಈಗ ತಾನೇ ನೀನೇ ಹೇಳಿದೆಯಲ್ಲ" ಎಂದರೆ, "ನಾನು ಹೇಳಿದ್ದು ಬೇರೆ, ಅವರಿಗೆ ಕಂಡದ್ದು ಬೇರೆ" ಎಂದಳು.

ಇಲ್ಲಿ ಸ್ವಾಮಿಗಳಿಗೆ ಒಂದು ಅಡಚಣೆ ಬಂತು. ಅಂಜನ ಎಲ್ಲರ ಕಣ್ಣಿಗೂ ಕಾಣುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಗೆ ಮಾತ್ರ ಕಾಣುತ್ತದೆ. ಸ್ವಾಮಿಗಳು ಸದಾ ಜೊತೆಗೆ ತಮ್ಮ ಭಾವಮೈದುನನನ್ನು ಕರೆತರುತ್ತಿದ್ದರಂತೆ, ಅವನು ಹಾಗೆ ಹುಟ್ಟಿದವನಂತೆ. ಆ ದಿನ ಅವನು ಯಾವುದೋ ಮದುವೆಗೆ ಹೋಗಿದ್ದ. "ಅವ್ನು ಬಂದ್ಮ್ಯಾಕೆ ಬುದ್ವಾರ ನೋಡಾಣ" ಎನ್ನುತ್ತ ಸ್ವಾಮಿಗಳು ಏಳುವುದಕ್ಕೂ, ಅಮ್ಮ ಮೂವತ್ತೆರಡು ವರ್ಷಗಳಿಂದ ಕಾದಿದ್ದ ಘಳಿಗೆ ಬರುವುದಕ್ಕೂ ಸರಿಹೋಯಿತು. "ಬುಧವಾರ ಯಾಕೆ? ನಮ್ಮ ಮಗನೇ ಇದಾನಲ್ಲ, ಎರಡು ಕಾಲೂ ಮುಂದಾಗಿ ಬಂದವನು!" ಎಂದಳು. ಸ್ವಾಮಿಗಳ ಮುಖ ಸಣ್ಣಗಾದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡು ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಕೂರುತ್ತೇನೆ, ಏನೂ ಕಾಣಲಿಲ್ಲ ಎನ್ನುತ್ತೇನೆ, ಇವರ ಬಣ್ಣ ಬಯಲಾಗುತ್ತದೆ, ವಿಜ್ಞಾನ ಗೆಲ್ಲುತ್ತದೆ. ಆದರೆ ಗಂಗಪ್ಪ ನನಗಿಂತ ಬಹಳ ಹಳೆಯ ಮೇಷ್ಟ್ರು. ಎಲೆಗೆ ಮಸಿ ಬಳಿಯುತ್ತ ಮೆಲ್ಲಗೆ, "ಒಂದ್ ಮಾತು. ಏನೂ ಕಾಣ್ನಿಲ್ಲ ಅಂದ್ರೆ ಅಂಜನ ಆಕ್ಸಿದೋರ ಕೈನಾಗೇ ದೋಸ ಐತೆ ಅಂತ ಲೆಕ್ಕ" ಎಂದರು. ಹೊಸಿಲಾಚೆ ಕುಕ್ಕರಗಾಲಲ್ಲಿ ಕೂತಿದ್ದ ಮುನಿಯಮ್ಮ ನನ್ನ ಕಡೆ ನೋಡಿ ಕೈ ಮುಗಿದಳು. ನನ್ನ ವಿಜ್ಞಾನದ ಬಾಯಿ ಅಲ್ಲಿಗೆ ಕಟ್ಟಿತು. ಕಾಣಲಿಲ್ಲ ಎಂದರೆ ಮನೆಮನೆಗೆ ಹಾಲು ಹಾಕುವ ಅವಳ ವರ್ತನೆ ಅವತ್ತಿಗೇ ಮುಗಿಯಿತು.

ತಲೆಗೆ ನೀರು ಹುಯ್ದುಕೊಂಡು, ಒದ್ದೆ ಪಂಚೆಯುಟ್ಟು, ಬರಿಮೈಯಲ್ಲಿ ಮಣೆಯ ಮೇಲೆ ಕೂತೆ. ಎಲೆಯನ್ನು ಅಂಗೈಯಲ್ಲಿಟ್ಟರು. ನನಗೆ ಕಂಡದ್ದು ಮಸಿ. "ಗುಡ್ಸೋನು ಬಂದ್ನಾ ಮೇಷ್ಟ್ರೇ?" ಎಂದರು. ಮೊದಲು ಒಬ್ಬ ಬಂದು ಕಸ ಗುಡಿಸುತ್ತಾನಂತೆ, ಇನ್ನೊಬ್ಬ ನೀರು ಚಿಮುಕಿಸುತ್ತಾನಂತೆ, ಮತ್ತೊಬ್ಬ ಕುರ್ಚಿ ಹಾಕುತ್ತಾನಂತೆ, ಆಮೇಲೆ ಆಂಜನೇಯ ಸ್ವಾಮಿ ಬಂದು ಕೂರುತ್ತಾನಂತೆ. ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನದ ಏರ್ಪಾಡು ಒಂದು ಚೂರೂ ಬದಲಾಗದೆ ಅಲ್ಲೂ ಇತ್ತು. "ಬಂದ" ಎಂದೆ. "ನೀರು?" "ಚಿಮುಕಿಸಿದ." "ಕುರ್ಚಿ?" "ಹಾಕಿದ, ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ" ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಜಕ್ಕೂರಿನಲ್ಲಿ ವಿಮಾನ ಕಲಿಯುತ್ತಿದ್ದ ಯಾರೋ ಪುಣ್ಯಾತ್ಮ ನಮ್ಮ ಹೆಂಚಿಗೆ ತಾಗುವಷ್ಟು ಕೆಳಗೆ ಭರ್ರೆಂದು ಹಾರಿಕೊಂಡು ಹೋದ. "ಬಂದ! ಸ್ವಾಮಿ ಬಂದ!" ಎಂದು ಗಂಗಪ್ಪ ಕೂಗಿದರು. ಅಮ್ಮ ಅಡ್ಡಬಿದ್ದಳು. ಬೀದಿಯಲ್ಲಿ ಕೋಳಿ ಕೊಕ್ಕೊಕ್ಕೋ ಎಂದು ಬುಟ್ಟಿಯನ್ನೇ ಎತ್ತಿ ಹಾಕುವಂತೆ ಗಲಾಟೆ ಮಾಡಿತು.

"ಈಗ ನೋಡಿ, ಪದಾರ್ಥ ಎಲ್ಲೈತೆ?"

ಎಲ್ಲಿದೆ ಎಂದು ಹೇಳಲಿ? ಯೋಚನೆಗೆ ಸ್ವಲ್ಪ ಹೊತ್ತು ಸಿಗಲೆಂದು ಎಲೆಯ ಮೇಲೆ ಇನ್ನಷ್ಟು ಬಗ್ಗಿದೆ. ಜನಿವಾರದಲ್ಲಿದ್ದ ಬೀಗದ ಕೈ ಜೋತುಬಿದ್ದು ಮಸಿಗೆ ತಾಗಿತು. ಮೂಗಿಗೆ ದೀಪದ ಕಪ್ಪಿನ ವಾಸನೆ ಬಂತು. ಆ ವಾಸನೆ, ಆ ಬೀಗದ ಕೈ, ಎರಡೂ ಒಟ್ಟಿಗೆ ಬಂದದ್ದೇ ತಡ, ನನಗೆ ಎಲ್ಲ ನೆನಪಾಯಿತು. ರಜೆಗೆ ಮುಂಚಿನ ಕೊನೆಯ ಪಾಠ! ಶಾಖ ಯಾವ ಲೋಹದಲ್ಲಿ ಬೇಗ ಹರಿಯುತ್ತದೆ ಎಂದು ತೋರಿಸಲು ಕಬ್ಬಿಣದ ಸರಳಿತ್ತು, ಹಿತ್ತಾಳೆಯ ಸೌಟಿತ್ತು. ಬೆಳ್ಳಿ ಎಲ್ಲಿಂದ ತರುವುದು? ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಉದ್ಧರಣೆಯನ್ನು ಜೇಬಿಗಿಳಿಸಿದ್ದೆ. ಅದರ ಹಿಡಿಗೆ ಮೇಣದಲ್ಲಿ ಗುಂಡುಪಿನ್ನು ಅಂಟಿಸಿ, ಸೀಮೆಎಣ್ಣೆ ಬುಡ್ಡಿಯ ಮೇಲೆ ಹಿಡಿದು, ಪಿನ್ನುಗಳು ಪಟಪಟ ಬಿದ್ದಾಗ ತರಗತಿಯೆಲ್ಲ ಚಪ್ಪಾಳೆ ತಟ್ಟಿತ್ತು. ಗಂಟೆ ಹೊಡೆಯಿತು. ಅದನ್ನು ಕಾಗದದಲ್ಲಿ ಸುತ್ತಿ ಸೀಸೆಗಳ ಹಿಂದಿಟ್ಟು, ಬೀಗ ಹಾಕಿ, ಬೀಗದ ಕೈ ಕಟ್ಟಿಕೊಂಡು, ಮರೆತು ಮನೆಗೆ ಬಂದಿದ್ದೆ. ಕಣ್ಣು ಬಿಟ್ಟು ನೋಡಿದರೆ ಆ ಹೊಳೆಯುವ ಮಸಿಯಲ್ಲಿ ಕಳ್ಳ ಸಾಕ್ಷಾತ್ತಾಗಿ ಕಾಣುತ್ತಿದ್ದ. ಕನ್ನಡಕ ಹಾಕಿದ್ದ. ಬೆವರುತ್ತಿದ್ದ.

"ಗಾಜಿನ ಸೀಸೆಗಳು... ಒಂದು ಬೀರು... ನಮ್ಮ ಸ್ಕೂಲು" ಎಂದೆ. ನನ್ನ ದನಿ ನಿಜಕ್ಕೂ ನಡುಗುತ್ತಿತ್ತು. ಗಂಗಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಷ್ಟ್ರೇ, ದಿಟವಾಗ್ಲೂ ಕಾಣ್ತೈತಾ?" ಎಂದು ಪಿಸುಗುಟ್ಟಿದರು. ಅವರ ದನಿ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

"ಅಲ್ಲಿಟ್ಟವರು ಯಾರೋ?" ಎಂದಳು ಅಮ್ಮ.

"ಮುಖ ಮಸುಕು ಮಸುಕು. ಗಂಡಸು. ಕನ್ನಡಕ ಇದೆ."

"ಹೆಡ್ಮಾಸ್ಟರು!" ಎಂದು ಅಮ್ಮ ತೊಡೆ ತಟ್ಟಿದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮುನಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು; ಆ ಅಳು ಕೇಳಿ ನನಗಾದ ನಾಚಿಕೆಯನ್ನು ಇವತ್ತಿಗೂ ಮರೆತಿಲ್ಲ. ಮರೆಯದೆ ಉಳಿದಿರುವ ಕೆಲವೇ ಸಂಗತಿಗಳಲ್ಲಿ ಅದೊಂದು. ಮಧ್ಯಾಹ್ನ ಶಾಲೆಗೆ ಹೋಗಿ ಉದ್ಧರಣೆ ತಂದುಕೊಟ್ಟೆ. ಹೆಡ್ಮಾಸ್ಟರ ಮೇಲೆ ದೂರು ಕೊಡಕೂಡದೆಂದು ಅಮ್ಮನಿಂದ ಆಣೆ ಹಾಕಿಸಿಕೊಂಡೆ. ಅಂದಿನಿಂದ ಆ ಪಾಪದ ಮನುಷ್ಯ ನಮ್ಮ ಮನೆಗೆ ಬಂದಾಗೆಲ್ಲ ಅಮ್ಮ ಅವರಿಗೆ ಹಿತ್ತಾಳೆ ಲೋಟದಲ್ಲೇ ಕಾಫಿ ಕೊಟ್ಟು, ಅವರು ಗೇಟು ದಾಟುವ ಮೊದಲೇ ಲೋಟಗಳನ್ನು ಎಣಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಮನಸ್ಸು ತಡೆಯದೆ ಮುನಿಯಮ್ಮನನ್ನು ಹಿತ್ತಿಲಿಗೆ ಕರೆದು, "ಅದನ್ನ ತೊಗೊಂಡು ಹೋಗಿದ್ದು ನಾನೇ ಕಣಮ್ಮ, ಮರೆತುಬಿಟ್ಟಿದ್ದೆ" ಎಂದೆ. ಅವಳು ನನ್ನನ್ನೇ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಸುಮ್ಕಿರಿ ಸಾಮಿ. ಆ ಎಡ್ಮಾಸ್ಟ್ರ ಮಾನ ಉಳ್ಸಾಕೆ ನಿಮ್ ಮ್ಯಾಲೆ ಆಕ್ಕೊಂತೀರಾ? ನೀವು ದ್ಯಾವ್ರಂತೋರು" ಎಂದು ಕಾಲಿಗೆ ಬಿದ್ದಳು. ಆಮೇಲೆ ಅವಳ ಹಾಲು ಎಷ್ಟು ತೆಳ್ಳಗಾದರೂ ನಾನು ತುಟಿ ಬಿಚ್ಚಿದವನಲ್ಲ. ಹದಿನೈದು ದಿನದ ಮೇಲೆ ಗಂಗಪ್ಪ ಸ್ವಾಮಿಗಳು ಬಂದರು. ಭಾವಮೈದುನನನ್ನು ಕೆಲಸದಿಂದ ತೆಗೆದಿದ್ದಾರಂತೆ. ವಾರಕ್ಕೆರಡು ದಿನ ನಾನು ಬಂದು ಕೂತರೆ ಸಾಕಂತೆ. "ಅವ್ನಿಗೆ ಒಂದಿನಾನೂ ಏನೂ ಕಂಡಿಲ್ಲ ಮೇಷ್ಟ್ರೇ. ನಿಮ್ಗೆ ಕಾಣ್ತದೆ" ಎಂದು ಗೌರವದಿಂದ ಹೇಳಿದರು. ಅಂಜನದ ವಿದ್ಯೆಯನ್ನು ಆ ಊರಿನಲ್ಲಿ ನಂಬದಿದ್ದವರು ನಾವಿಬ್ಬರೇ. ಈಗ ಅವರೂ ನಂಬಿಬಿಟ್ಟಿದ್ದರು.

 ಅಂಜನ ಹಾಕಿದ ಶನಿವಾರ ಸಂಜೆ ಸರೋಜ ಹುಣಿಸೇಹಣ್ಣು ಹಾಕಿ ಉದ್ಧರಣೆ ಉಜ್ಜುತ್ತ ಕೂತವಳು, ಅದರ ಹಿಡಿಯಿಂದ ಏನನ್ನೋ ಉಗುರಿನಲ್ಲಿ ಕೆರೆದು ನನ್ನ ಮುಂದೆ ಹಿಡಿದದ್ದು ನೆನಪಿದೆ. "ಹೆಡ್ಮಾಸ್ಟರು ಕದ್ದ ಬೆಳ್ಳಿಗೆಲ್ಲ ಮೇಣದಲ್ಲಿ ಗುಂಡುಪಿನ್ನು ಅಂಟಿಸ್ತಾರೇನ್ರೀ?" ಎಂದಿದ್ದಳು, ಅಷ್ಟೆ. ಗಂಗಪ್ಪ ಬಂದು ಹೋದ ದಿನ ಅವಳ ತೀರ್ಪು ಹೊರಬಿತ್ತು: ಅಮ್ಮನಿಗೆ ತಿಳಿಸುವುದಿಲ್ಲ, ಮುನಿಯಮ್ಮನಿಗೆ ಎರಡು ಹೇಟೆ ಕೊಡಿಸಬೇಕು, ಮತ್ತು ನಾನು ಬದುಕಿರುವವರೆಗೆ ದಿನಕ್ಕೆರಡು ಹೊತ್ತು ಸಂಧ್ಯಾವಂದನೆ ಮಾಡಬೇಕು, ಅದೇ ಉದ್ಧರಣೆಯಲ್ಲಿ.

ಮಾಡುತ್ತಿದ್ದೇನೆ. ಮುಂದಿನ ಸಲ ಬಂದಾಗ ಅದನ್ನು ಕಂಡ ಮಾವನವರು ನನ್ನ ನಿಷ್ಠೆಯನ್ನು ಊರೆಲ್ಲ ಹೊಗಳಿಕೊಂಡು ಬಂದರು. ದಿನಾ ಬೆಳಿಗ್ಗೆ ಆಚಮನಕ್ಕೆ ನೀರೆತ್ತುವ ಮೊದಲು, ಉಜ್ಜಿ ಉಜ್ಜಿ ಕನ್ನಡಿಯಾಗಿರುವ ಆ ಉದ್ಧರಣೆಯ ಗುಳಿಯಲ್ಲಿ ಒಮ್ಮೆ ಇಣುಕುತ್ತೇನೆ. ಕಳ್ಳ ಅಲ್ಲೇ ಇರುತ್ತಾನೆ, ಕನ್ನಡಕ ಸಮೇತ. ಗುಳಿಯಾದ ಕನ್ನಡಿಯಲ್ಲಿ ಬಿಂಬ ತಲೆಕೆಳಗಾಗಿ ಕಾಣುತ್ತದೆಂದು ಪ್ರತಿವರ್ಷ ಪಾಠ ಹೇಳುವವನು ನಾನೇ. ಆದರೂ ತಲೆ ಕೆಳಗೆ, ಕಾಲು ಮೇಲೆ ಆಗಿರುವ ಆ ಮನುಷ್ಯನನ್ನು ಕಂಡಾಗೆಲ್ಲ, ಅಮ್ಮ ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸರಿಯೇ, ಉಲ್ಟಾ ಹುಟ್ಟಿದ ಇವನು ಇನ್ನೂ ನೆಟ್ಟಗಾಗಿಲ್ಲ ಅನ್ನಿಸುತ್ತದೆ.