ಚಿಕ್ಕಿ ನೋಡಾಕ ಕತ್ತಲಿ ಬೇಕು

ಎಲ್ಲ ತಾಪತ್ರಯಕ್ಕೂ ರೇಡಿಯೋ ಕಾರಣ. ಇವತ್ತು ರಾತ್ರಿ ಆಕಾಶದ ಚಿಕ್ಕಿಗಳು ಉದುರುತ್ತವೆ, ಕತ್ತಲಿರುವ ಕಡೆ ಅಂಗಾತ ಮಲಗಿ, ಕಣ್ಣಿಗೆ ಕತ್ತಲೆ ರೂಢಿಯಾಗುವ ತನಕ ಕಾಯಿರಿ ಎಂದು ಬೆಳಗಿನ ಚಹಾದ ಹೊತ್ತಿಗೆ ಅದು ಹೇಳಿತು. ಯರಗುಪ್ಪಿಯಲ್ಲಿ ಸೈಕಲ್ ಪಂಕ್ಚರ್ ತಿದ್ದುವ ಶಿದ್ಲಿಂಗಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅವನ ಹೆಂಡತಿ ಸಾವಂತ್ರೆವ್ವ ಬೀಳುವ ಚಿಕ್ಕಿಯನ್ನು ಒಮ್ಮೆಯೂ ಕಂಡವಳಲ್ಲ. ಸಣ್ಣವಳಿದ್ದಾಗ ಅಕ್ಕ "ಅಗಾ!" ಅನ್ನುವಳು, ಇವಳು ತಿರುಗುವಷ್ಟರಲ್ಲಿ ಮುಗಿದಿರುತ್ತಿತ್ತು. ಈಗ ಹುಬ್ಬಳ್ಳಿಯ ಡಾಕ್ಟರು, ಕಣ್ಣು ಮಬ್ಬಾಗುತ್ತ ಹೋಗುತ್ತವೆ, ಮದ್ದಿಲ್ಲ ಅಂದಿದ್ದರು. ಪೂರ್ತಿ ಹೋಗುವುದರೊಳಗೆ ಒಂದಾದರೂ ತೋರಿಸಬೇಕು. ಪಾಪ, ಅವನ ಆಸೆ ಅಷ್ಟೇ.

ಆದರೆ ಅವನ ಮಾಳಿಗೆಯ ಎದುರಿಗೇ ಹುಲಿಗೆಪ್ಪನ ಹಿಟ್ಟಿನ ಗಿರಣಿಯ ದೊಡ್ಡ ಬಲ್ಬು.

"ಹುಲಿಗೆಪ್ಪಣ್ಣ, ಇವತ್ತೊಂದ್ ರಾತ್ರಿ ಬಲ್ಬ್ ಆರಸು."

"ಕಳ್ಳರು ಬಂದು ಹಿಟ್ಟ ಒಯ್ದರ?"

"ನಾ ಕಾಯ್ತೀನಿ."

"ಮ್ಯಾಲ ಚಿಕ್ಕಿ ನೋಡ್ತೀಯೋ, ಕೆಳಗ ಹಿಟ್ಟ ಕಾಯ್ತೀಯೋ? ಆತ್ ತಗೋ, ಆರಸ್ತೀನಿ. ನಾನೂ ನಿಮ್ಮ ಮಾಳಿಗಿಗೆ ಬರಾಂವನ."

ಇದು ಬಾಜು ಮನೆಯ ಜರೀನಾಬಿಯ ಕಿವಿಗೆ ಬಿತ್ತು. ಸಂಜೆಯ ಹೊತ್ತಿಗೆ ಅರ್ಧ ಓಣಿ ಜಮಖಾನ, ಮೆಣಸಿನಕಾಯಿ ಬಜಿ ಸಮೇತ ಅವನ ಮಾಳಿಗೆ ಮೇಲಿತ್ತು. ಎಲ್ಲರ ಕೈಯಲ್ಲೂ ಕಂದೀಲು, ಬ್ಯಾಟರಿ!

"ಬೆಳಕ್ಯಾಕವ್ವಾ?" ಶಿದ್ಲಿಂಗಪ್ಪ ಅಳುವುದೊಂದು ಬಾಕಿ.

"ಬಿದ್ದ ಚಿಕ್ಕಿ ಹುಡುಕಾಕ ಬ್ಯಾಡೇನು?" ಅಂದಳು ಜರೀನಾಬಿ.

ಕೈಮುಗಿದು ಅವನ್ನು ಆರಿಸಿದ್ದಾಯಿತು. ಗಿರಣಿ ಬಲ್ಬನ್ನು ಆಮೇಲೆ ಆರಿಸುತ್ತೇನೆ ಅಂದಿದ್ದ ಹುಲಿಗೆಪ್ಪ. ಉಳಿದದ್ದು ಬೀದಿದೀಪ. ಶಿದ್ಲಿಂಗಪ್ಪ ಲೈನ್‌ಮನ್ ಮಲಕಪ್ಪನ ಕಾಲು ಹಿಡಿದ. ಮಲಕಪ್ಪ ಉದಾರಿ, ಊರಿನ ಫ್ಯೂಜನ್ನೇ ಕಿತ್ತ. ಆ ಕಗ್ಗತ್ತಲಲ್ಲಿ ಓಡಿ ಬರುತ್ತಿದ್ದ ಶಿದ್ಲಿಂಗಪ್ಪ ಸೀದಾ ತಿಪ್ಪೆಯಲ್ಲಿ ಬಿದ್ದ.

ಅವನ ಕೂಗು ಕೇಳಿ ಸಾವಂತ್ರೆವ್ವ ಬಂದು ಕೈ ಹಿಡಿದಳು. "ಬರ್ರಿ. ಎಡಕ್ಕ ಕಲ್ಲೈತಿ. ನಾಕನೇ ಮೆಟ್ಲ ಮುರದೈತಿ, ಜ್ವಾಕಿ." ಅವಳು ಒಮ್ಮೆಯೂ ಎಡವಲಿಲ್ಲ. ಮೇಲಿದ್ದವರು ಮೂಗು ಮುಚ್ಚಿಕೊಂಡು ಧಾರಾಳವಾಗಿ ಜಾಗ ಬಿಟ್ಟರು.

ಎಷ್ಟೋ ಹೊತ್ತಿನ ಮೇಲೆ ಸಾವಂತ್ರೆವ್ವ ಬೆರಳೆತ್ತಿದಳು. "ಅಗಾ! ಬಿತ್ತ ನೋಡ್ರಿ!"

ಶಿದ್ಲಿಂಗಪ್ಪ ತಿರುಗಿದ. ಏನೂ ಇರಲಿಲ್ಲ.

"ಅಗಾ, ಇನ್ನೊಂದು!"

ಮತ್ತೆ ತಡವಾಯಿತು. ಹುಲಿಗೆಪ್ಪನನ್ನು ಕೇಳಿದರೆ, "ನಾ ಬಜಿ ಹುಡಕಾಕತ್ತಿದ್ದೆ" ಅಂದ. ಶಿದ್ಲಿಂಗಪ್ಪನಿಗೆ ಬೇಸರವೇನೂ ಆಗಲಿಲ್ಲ. ಜನ್ಮದಲ್ಲಿ ಒಮ್ಮೆ ಅವಳೇ ಮೊದಲು ನೋಡುತ್ತಿದ್ದಾಳಲ್ಲ ಎಂದು ಹಿಗ್ಗಿದ.

ಅಷ್ಟರಲ್ಲಿ ಊರವರ ಬೈಗುಳಕ್ಕೆ ಹೆದರಿ ಮಲಕಪ್ಪ ಫ್ಯೂಜು ಹಾಕಿಬಿಟ್ಟ. ಊರೇ ಆರಿದ ಮೇಲೆ ತನ್ನದೇನು ಅಂತ ಹುಲಿಗೆಪ್ಪ ಬಲ್ಬು ಆರಿಸುವ ಗುಂಡಿ ಒತ್ತಿರಲೇ ಇಲ್ಲ. ಬೆಳಕು ಫಳ್ಳನೆ ಮುಖಕ್ಕೆ ಹೊಡೆಯಿತು. ಎಲ್ಲರೂ ಹೋ ಎಂದು ಕಣ್ಣು ಮುಚ್ಚಿಕೊಂಡರು.

ಸಾವಂತ್ರೆವ್ವ ಮುಚ್ಚಿಕೊಳ್ಳಲಿಲ್ಲ. ಬಲ್ಬಿಗೆ ಮುಖಮಾಡಿ, ರೆಪ್ಪೆ ಸಹ ಬಡಿಯದೆ, ಬೆರಳು ಮೇಲೆತ್ತಿಕೊಂಡೇ ಇದ್ದಳು.

"ಅಗಾ, ಮತ್ತೊಂದು! ಎಷ್ಟ್ ಉದ್ದ ಬಾಲ!"

ಅವಳ ಕಣ್ಣು ಯಾವತ್ತು ಪೂರ್ತಿ ಹೋದವೋ, ಗಂಡ ನೊಂದುಕೊಂಡಾನೆಂದು ಅವಳು ಹೇಳಿರಲಿಲ್ಲ.

"ಇದೂ ತಪ್ಪಿತೇನ್ರಿ ನಿಮಗ?" ಅಂದಳು.

"ಇಲ್ಲ ಬಿಡ," ಸೆಗಣಿ ನಾರುವ ತೋಳಿನಿಂದಲೇ ಅವನು ಕಣ್ಣೊರೆಸಿಕೊಂಡ. "ಇದನ್ನ ನೋಡಿದೆ."