ಕಾಕಾನ ಕಂಪ್ಯೂಟರಿನ ಬೀಗರು

ನಮ್ಮ ಕಾಕಾ ಜನ್ಮದಲ್ಲಿ ಯಾರೊಂದಿಗೂ ಜಗಳವಾಡಿದವನಲ್ಲ. ಆದರೆ ಸಿಂಧನೂರು ತಾಲೂಕಿನಲ್ಲಿ ಅವನಷ್ಟು ಜಗಳ ಬಿಡಿಸಿದ ಮನುಷ್ಯ ಇನ್ನೊಬ್ಬನಿಲ್ಲವೆಂದು ಪಂಥ ಕಟ್ಟಿ ಹೇಳಬಲ್ಲೆ! ಗಂಡ-ಹೆಂಡಿರ ಜಗಳವೇ? ಅಲ್ಲ. ಕಾಲುವೆ ನೀರಿನ ಜಗಳವೇ? ಅದೂ ಅಲ್ಲ. ಎಲ್ಲಾ ಅವನ ಕಂಪ್ಯೂಟರಿನ ಹೊಟ್ಟೆಯೊಳಗಿನ ಜಗಳ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸಿಂಧನೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ "ಲೆಕ್ಕ ಕೂಡಲಿಲ್ರಿ" ಎಂಬ ಒಂದೇ ಉತ್ತರ. ತೊಂಬತ್ತರ ದಶಕದ ಕೊನೆಯಲ್ಲಿ ಅವನು ಕಂಪ್ಯೂಟರ್ ಕೊಂಡು ತಂದಾಗ ಓಣಿಯ ಜನ, ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದರು. ಕಾರಣ ನನಗೊಬ್ಬಳಿಗೆ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಭತ್ತದ ಧಾರಣೆ, ಡಿಎ, ವರ್ಗಾವಣೆ ಬಿಟ್ಟರೆ ಬೇರೆ ಮಾತಿಲ್ಲ. ಗಣಿತದ ಸುದ್ದಿ ತೆಗೆದರೆ ಎಲ್ಲರಿಗೂ ಕ್ಲಾಸಿನ ನೆನಪಾಗುತ್ತಿತ್ತು! ಹೀಗಿರುವಾಗ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಅವನಿಗೊಂದು ಗಣಿತದ ತಂತ್ರಾಂಶ ಸಿಕ್ಕಿತು.

"ಇದೊಂದು ಮಷೀನಿನ್ಯಾಗ ಕುಂತ್ರ ಸಾಕವ್ವ," ಎಂದ ಕಾಕಾ. "ಗಣಿತ ಮಾತಾಡಾಕ ನನಗೂ ಒಬ್ರು ಜೊತಿ ಆಗತಾರ."

ಕೂರಬೇಕಲ್ಲ! ಆ ತಂತ್ರಾಂಶ ತಯಾರಾಗಿ ಬಂದಿರಲಿಲ್ಲ. ಅದರ ಮೂಲ ಬರಹವಷ್ಟೇ ಇತ್ತು. ನಮ್ಮ ಮಷೀನಿನಲ್ಲಿ ನಾವೇ ಅದನ್ನು ಕಟ್ಟಿಕೊಳ್ಳಬೇಕಿತ್ತು. ಮನೆಗೆ ಬಂದ ನೆಂಟನ ಕೈಗೆ ಜೋಳದ ಚೀಲ ಕೊಟ್ಟು "ರೊಟ್ಟಿ ಮಾಡಿಕೊಂಡು ಉಣ್ಣಪ್ಪಾ" ಎಂದ ಹಾಗೆ. ಬೀಸಲು ಒಂದು ಪ್ಯಾಕೇಜು, ನಾದಲು ಇನ್ನೊಂದು, ಬಡಿಯಲು ಮತ್ತೊಂದು. ಒಂದಿಲ್ಲದಿದ್ದರೆ ಇನ್ನೊಂದು ಮೇಲೇಳುವುದಿಲ್ಲ. ಹಲವರು ಹಂಚಿಕೊಂಡು ಬಳಸುವ ಪ್ಯಾಕೇಜಿಗೆ ಲೈಬ್ರರಿ ಎಂದು ಹೆಸರು. ಕಾಕಾ ಮೊದಲ ಸಲ ಆಜ್ಞೆ ಕೊಟ್ಟಾಗ ಮಷೀನು "ಅವಲಂಬಿತ ಪ್ಯಾಕೇಜುಗಳು ಇಲ್ಲ" ಎಂಬರ್ಥದ ಇಂಗ್ಲಿಷು ಕಕ್ಕಿತು. ಕಾಕಾ ಕುರ್ಚಿಗೆ ಒರಗಿ ನಕ್ಕೇ ನಕ್ಕ.

"ನನ್ನ ಸರ್ವಿಸ್ ಬುಕ್ಕಿನ್ಯಾಗೂ ಇದನ್ನ ಬರದಾರ ನೋಡವ್ವ, ಅವಲಂಬಿತರು ಯಾರೂ ಇಲ್ಲಂತ! ಇದಕ್ಕ ಯಾರು ಹೇಳಿದ್ರು?"

ನಾನೂ ನಕ್ಕೆ. ಆಮೇಲೆ ಆ ಮಾತು ನಗುವಂಥದ್ದೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು.

ಈ ಕಥೆಯಲ್ಲಿ ನನ್ನ ಪಾತ್ರವೇನು ಅಂತೀರಾ? ನಾನು ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಅಷ್ಟಕ್ಕೇ ನಮ್ಮ ಮನೆತನದಲ್ಲಿ ಕಂಪ್ಯೂಟರ್ ಪಂಡಿತೆ! ಕ್ಲಾಸಿನಲ್ಲಿ ಹಳೆಯ ಸಿಡಿಗಳ ರಾಶಿಯೇ ಇತ್ತು. ಕಾಕಾ ಕೇಳಿದ ಪ್ಯಾಕೇಜನ್ನು ಅದರಲ್ಲಿ ಹುಡುಕಿ, ಫ್ಲಾಪಿಗೆ ತುಂಬಿ, ಧೂಳು ತಾಗದಂತೆ ಸ್ಟೀಲಿನ ಡಬ್ಬಿಯಲ್ಲಿಟ್ಟು, ಭಾನುವಾರ ಮಸ್ಕಿ ಮೇಲಿನ ಬಸ್ಸಿಗೆ ಸಿಂಧನೂರು ಮುಟ್ಟಿಸುವುದು ನನ್ನ ಕೆಲಸ. ಕಾಕಾನ ಮನೆಯ ಬಾಗಿಲಿಗೆ ಹಾಲಿನವನನ್ನು ಬಿಟ್ಟರೆ ಬರುತ್ತಿದ್ದವಳು ನಾನೊಬ್ಬಳೇ.

ನಡುವಿನ ದಿನಗಳಲ್ಲಿ ಫೋನು. ಕ್ಲಾಸಿನ ಪಕ್ಕದ ಎಸ್‌ಟಿಡಿ ಬೂತಿನ ಖಾದರ್ ಭಾಯಿ ಅಲ್ಲಿಂದಲೇ ಕೂಗುತ್ತಿದ್ದ: "ಮೇಡಂ, ಜಲ್ದಿ ಬರ್ರಿ, ನಿಮ್ಮ ಕಾಕಾಂದು!" ಓಡಿಹೋಗಿ ರಿಸೀವರ್ ಹಿಡಿದರೆ ಆಚೆಯಿಂದ ಕಾಕಾ ಪರದೆಯ ಮೇಲೆ ಬಂದ ಎರರ್ ಸಂದೇಶವನ್ನು ಸಾಲುಸಾಲಾಗಿ ಓದುವವನು. ಒಮ್ಮೆ ಬೂತಿನಲ್ಲಿ ಸರದಿಗೆ ಕಾದಿದ್ದ ತುರ್ವಿಹಾಳದ ಮುದುಕಿಯೊಬ್ಬಳು ನನ್ನ ಮುಖ ನೋಡಿ ಗಾಬರಿಯಾದಳು.

"ಯಾರಿಗೇನಾಗೈತಬೇ ಯವ್ವಾ?"

"ನಮ್ಮ ಕಾಕಾಂದು ಲೈಬ್ರರಿ ಕೆಟ್ಟೈತಂತಮ್ಮಾ."

"ಲಿವರ್ರಾ? ಅಯ್ಯ ಶಿವನೇ! ಕಾಮಣಿ ಬ್ಯಾನಿ ಆಗೈತಿ ತಗಾ. ನಮ್ಮೂರಿಗೆ ಕರಕೊಂಡು ಬಾ, ಔಷಧ ಕೊಡಸ್ತೀನಿ. ಎಣ್ಣಿ, ಖಾರ ಬಿಡಸು!"

ಭಾನುವಾರ ಇದನ್ನು ಹೇಳಿದಾಗ ಕಾಕಾನಿಗೆ ನಕ್ಕು ನಕ್ಕು ಕಣ್ಣೀರು ಬಂತು. ಕಣ್ಣೊರೆಸಿಕೊಂಡು, "ಪಾಪ, ಯಾವೂರಾಕಿಯೋ ಏನೋ, ನನ್ನ ಆರಾಮ ಕೇಳ್ಯಾಳ ನೋಡು" ಎಂದ.

ಪ್ಯಾಕೇಜುಗಳೆಲ್ಲ ಸಿಕ್ಕವು ಎನ್ನುವಷ್ಟರಲ್ಲಿ ವೋಲ್ಟೇಜಿನ ಕಾಟ. ಕಟ್ಟುವ ಕೆಲಸಕ್ಕೆ, ಅಂದರೆ ಕಂಪೈಲಿಗೆ, ತಾಸುಗಟ್ಟಲೆ ಬೇಕು. ಮನೆಯ ಹಿಂದಿನ ಅಕ್ಕಿ ಗಿರಣಿ ಶುರುವಾದರೆ ಸಾಕು, ಮಷೀನು ಕಣ್ಣು ಮುಚ್ಚುತ್ತಿತ್ತು. ಕಾಕಾ ನನ್ನನ್ನೂ ಕರೆದುಕೊಂಡು ಗಿರಣಿ ಮಾಲೀಕರ ಬಳಿಗೆ ಹೋದ. ಅವರು ಆಂಧ್ರದ ಕಡೆಯಿಂದ ಬಂದು, ಕಾಲುವೆ ಸೀಮೆಯ ವಲಸಿಗರ ಊರಾದ ಕ್ಯಾಂಪಿನಲ್ಲಿ ನೆಲೆಸಿದವರು.

"ಎರಡು ತಾಸು ಗಿರಣಿ ಬಂದ್ ಇಡ್ರಿ. ಮನ್ಯಾಗ ಕಂಪೈಲ್ ನಡದೈತಿ," ಎಂದ ಕಾಕಾ.

ಮಾಲೀಕರು ಗಂಭೀರವಾಗಿ ಯೋಚಿಸಿದರು. "ಕಂಪೈಲಾ? ಅದು ಯಾವ ತಳಿ ಸಾರೂ? ನಮ್ಮ ಗಿರಣೀಲಿ ಸೋನಾ ಮಸೂರಿ ಬಿಟ್ರೆ ಬೇರೆ ಹಾಕಲ್ಲಂಡಿ!"

ಆದರೂ ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು ಗಿರಣಿ ನಿಲ್ಲಿಸಿದರು. ಆಗ ಶುರುವಾಯಿತು ನೋಡಿ ನಿಜವಾದ ಯುದ್ಧ! ಗಣಿತದ ತಂತ್ರಾಂಶಕ್ಕೆ ಒಂದು ಲೈಬ್ರರಿಯ ಹೊಸ ಆವೃತ್ತಿಯೇ ಬೇಕು. ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕೆ ಅದೇ ಲೈಬ್ರರಿಯ ಹಳೆಯದೇ ಬೇಕು. ಹೊಸದನ್ನು ಹಾಕಿದರೆ ಪರದೆ ಕಪ್ಪು, ಹಳೆಯದನ್ನು ಬಿಟ್ಟರೆ ಗಣಿತ ಬಂದ್.

"ಬೀಗರ ಜಗಳ ಇದು," ಎಂದು ಕಾಕಾ ತೀರ್ಪು ಕೊಟ್ಟ. "ಅವರು ಬಂದ್ರ ಇವರು ಪಂಕ್ತಿಗೆ ಕುಂದ್ರಂಗಿಲ್ಲ. ಇವರನ್ನ ಕರದ್ರ ಅವರು ಎಲಿ ಬಿಟ್ಟು ಏಳತಾರ."

"ಹಳೇ ಬೀಗರನ್ನ ಹೊರಗ ಹಾಕಿಬಿಡು ಕಾಕಾ!"

ಹಾಕಿದ. ಹಾಕಿದ ಮೇಲೆ ತಿಳಿಯಿತು, ಇಡೀ ಮನೆಯೇ ಆ ಹಳೇ ಬೀಗರ ಹೆಗಲ ಮೇಲೆ ನಿಂತಿತ್ತೆಂದು! ಮಷೀನಿಗೆ ತನ್ನ ಕಡತಗಳ ಹೆಸರು ಹೇಳಲೂ ಬಾಯಿಲ್ಲದಂತಾಯಿತು. ಮೊದಲಿನಿಂದ ಎಲ್ಲವನ್ನೂ ಮತ್ತೆ ಹಾಕಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ಮಷೀನನ್ನು ಗುಜರಿಗೆ ಹಾಕುತ್ತಿದ್ದರು. ಕಾಕಾ ಮಾತ್ರ ಹುಮ್ಮಸ್ಸಿನಿಂದ, "ಮುಂದಿನ ವಾರ ಇಬ್ಬರನ್ನೂ ಬ್ಯಾರೆ ಬ್ಯಾರೆ ಕೋಣ್ಯಾಗ ಕುಂದ್ರಸೋಣ. ನೀ ಫ್ಲಾಪಿ ತಗೊಂಡು ಬಾ" ಎಂದ. ಹಾಗೆ ಬೇಸಿಗೆ ಹೋಗಿ ಮಳೆಗಾಲ ಬಂತು, ಅದೂ ಹೋಯಿತು. ಜಗಳ ಮುಗಿಯಲೇ ಇಲ್ಲ. ಈ ಕೆಲಸ ಮುಗಿದರೆ ನನ್ನ ಭಾನುವಾರ ನನಗೆ ದಕ್ಕೀತು ಎಂದು ನಾನು ಚೇಷ್ಟೆ ಮಾಡಿದರೆ ಕಾಕಾ ಸುಮ್ಮನೆ ತಲೆ ಕೆರೆದುಕೊಳ್ಳುತ್ತಿದ್ದ.

ದೀಪಾವಳಿಯಾದ ಮೇಲಿನ ಒಂದು ಭಾನುವಾರ. ಕಾಕಾ ಅಡುಗೆಮನೆಯಲ್ಲಿ ಮಂಡಕ್ಕಿ ನೆನೆಸಿ ಮಂಡಾಳು ವಗ್ಗರಣಿ ಮಾಡುತ್ತಿದ್ದ. ನಾನು ಬೇಸರಕ್ಕೆ ಕೀಲಿಮಣೆಯ ಮುಂದೆ ಕುಳಿತು ಆ ತಂತ್ರಾಂಶದ ಹೆಸರು ಒತ್ತಿದೆ. ಅದು ತಟಕ್ಕನೆ ತೆರೆದುಕೊಂಡಿತು! ಉದ್ದನೆಯ ಎರಡು ಸಂಖ್ಯೆ ಕೊಟ್ಟು ಗುಣಿಸೆಂದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ನಾಲ್ಕು ದಿನದ ಹಿಂದಷ್ಟೇ ಕಾಕಾ ಫೋನಿನಲ್ಲಿ ಎರರ್ ಓದಿದ್ದ!

ತಾಟು ಹಿಡಿದು ಬಂದ ಕಾಕಾ ಪರದೆ ನೋಡಿ ಅಲ್ಲೇ ನಿಂತ.

"ಯಾವಾಗ ಆತು ಇದು?" ಎಂದು ಕೇಳಿದೆ.

"ಶ್ರಾವಣದಾಗ."

"ಮತ್ತ ಫೋನಿನ್ಯಾಗ ಓದತಿದ್ದಿಯಲ್ಲ, ಆ ಎರರ್?"

"ಹಳೇವು. ಬಾಯಿಪಾಠ ಆಗ್ಯಾವ."

"ಯಾಕ ಕಾಕಾ? ಜೊತಿ ಬೇಕಂದಿದ್ದಿ. ಸಿಕ್ಕತಲ್ಲ?"

ಕಾಕಾ ತಾಟು ಕೆಳಗಿಟ್ಟ. "ಅದು ಉತ್ತರ ಕೊಡತೈತಿ ಯವ್ವಾ. ಮಾತಾಡಂಗಿಲ್ಲ." ನೆಲ ನೋಡುತ್ತ ಹೇಳಿದ: "ಆತಂತ ಹೇಳಿದ್ರ ನೀ ಯಾಕ ಬರ್ತಿ?"

ಇಬ್ಬರೂ ತಲೆ ತಗ್ಗಿಸಿ ವಗ್ಗರಣಿ ತಿಂದೆವು. ಸಂಜೆಯ ಬಸ್ಸು ಮಸ್ಕಿಯಲ್ಲಿ ನಿಂತಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಕಾಕಾನ ಸಲುವಾಗಿ ಅತ್ತೆನೆಂದರೆ ಅರ್ಧ ಸುಳ್ಳು. ಲಿಂಗಸುಗೂರಿನ ಆ ಕೋಣೆಯ ಬೀಗ ತೆಗೆದರೆ ಒಳಗೆ ನನ್ನನ್ನು ಬಂದೆಯಾ ಎಂದು ಕೇಳುವವರು ಯಾರಿದ್ದರು? ಭಾನುವಾರ ಹೋಗಲಿಕ್ಕೆ ನನಗೂ ಬೇರೆ ಊರಿರಲಿಲ್ಲ.

ಮುಂದಿನ ವಾರ ಫೋನು ಬರಲಿಲ್ಲ. ಖಾದರ್ ಭಾಯಿಯೇ ಚಿಂತೆಯಿಂದ "ಕಾಕಾ ಆರಾಮ್ ಅದಾರೇನ್ರಿ?" ಎಂದು ಕೇಳಿದ. ಭಾನುವಾರ ಮಾಮೂಲಿ ಬಸ್ಸು ಹತ್ತಿದೆ. ಬಾಗಿಲು ತೆರೆದ ಕಾಕಾ ಮೊದಲು ನನ್ನ ಖಾಲಿ ಕೈ ನೋಡಿದ.

"ಫ್ಲಾಪಿ ಎಲ್ಲಿ?"

"ಇಲ್ಲ."

"ಮತ್ತ ಯಾಕ ಬಂದಿ?"

"ಸುಮ್ನ ಬಂದೀನಿ ಕಾಕಾ."

ಅವನು ಬಾಗಿಲ ಚೌಕಟ್ಟು ಬಿಟ್ಟು ಪಕ್ಕಕ್ಕೆ ಸರಿದ. ಆಮೇಲೆ ಒಳಗೆ ಹೋಗಿ, ಒಲೆಯ ಮೇಲಿಟ್ಟಿದ್ದ ಒಬ್ಬನ ಅನ್ನದ ಎಸರಿಗೆ ಇನ್ನೊಂದು ತಂಬಿಗೆ ನೀರು ಸುರಿದ.